ಸದಸ್ಯರ ಹೆಸರಿಗೆ ಬಂದ ವರದಿ: ಆಡಿಟರ್ ಬಗ್ಗೆ ನಮ್ಮ ತಪ್ಪು ಕಲ್ಪನೆಗಳು

ಉಡುಪಿಯವರಿಗೆ ಕಂಪನಿ, ಬ್ಯಾಂಕು, ಶೇರು ಹೊಸ ಮಾತಲ್ಲ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಊರಿನ ಕೆಲವರನ್ನು ಕೂಡಿಸಿಕೊಂಡು ಐದು ಸಾವಿರ ರೂಪಾಯಿ ಮೂಲಧನದಲ್ಲಿ ಶುರು ಮಾಡಿದ ಸಂಸ್ಥೆಯೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಕಟ್ಟಿದ್ದು ಸಿಂಡಿಕೇಟ್ ಬ್ಯಾಂಕ್. ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲಿಗೇ ಹೋಗುವ ಪಿಗ್ಮಿ ಠೇವಣಿಯನ್ನು ಅದು 1928ರಲ್ಲಿ ಆರಂಭಿಸಿತು. 2020ರ ಏಪ್ರಿಲ್ 1ರಂದು ಎರಡೂ ಹೆಸರುಗಳು ಅಳಿದವು. ಸಾವಿರ ಕಾರ್ಪೊರೇಶನ್ ಶೇರಿಗೆ ಯೂನಿಯನ್ ಬ್ಯಾಂಕಿನ 330 ಶೇರು, ಸಾವಿರ ಸಿಂಡಿಕೇಟ್ ಶೇರಿಗೆ ಕೆನರಾ ಬ್ಯಾಂಕಿನ 158 ಶೇರು ಬಂದವು.

ಹೀಗೆ ಅಪ್ಪನಿಂದಲೋ ಅಜ್ಜನಿಂದಲೋ ಶೇರು ಬಂದ ಮನೆಗಳು ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ಸಾಕಷ್ಟಿವೆ. ಡಿವಿಡೆಂಡ್ ಜಮೆಯಾಯಿತೇ ಎಂದು ನೋಡುವವರು ವಾರ್ಷಿಕ ವರದಿಯನ್ನು ತೆರೆಯುವುದು ಕಡಿಮೆ. ತೆರೆದರೂ ಅಧ್ಯಕ್ಷರ ಭಾಷಣ, ಲಾಭದ ಅಂಕಿ ನೋಡಿ ಮುಚ್ಚುತ್ತಾರೆ. ಅದೇ ವರದಿಯೊಳಗೆ ಲೆಕ್ಕಪರಿಶೋಧಕರು ಬರೆದ ಕೆಲವು ಪುಟಗಳಿರುತ್ತವೆ. ಆ ಪುಟಗಳ ವಿಳಾಸದ ಸಾಲಿನಲ್ಲಿರುವುದು ಆಡಳಿತ ನಿರ್ದೇಶಕರ ಹೆಸರಲ್ಲ, ‘ಸದಸ್ಯರಿಗೆ’ ಎಂಬ ಮಾತು. ಅಂದರೆ ಶೇರುದಾರರಿಗೆ. ನಮ್ಮ ಹೆಸರಿಗೆ ಬಂದ ಪತ್ರವನ್ನು ನಾವು ಒಡೆಯದೆ ಇಟ್ಟಿದ್ದೇವೆ, ಆಡಿಟರ್ ಬಗೆಗಿನ ನಮ್ಮ ಹೆಚ್ಚಿನ ತಪ್ಪು ತಿಳಿವಳಿಕೆಗಳ ಬೇರು ಇಲ್ಲೇ ಇದೆ ಎಂಬುದು ನನ್ನ ನಂಬಿಕೆ.

ತಪ್ಪು ಕಲ್ಪನೆ: ಕಂಪನಿಯ ಲೆಕ್ಕ ಬರೆಯುವವರೇ ಆಡಿಟರ್.

ವಾಸ್ತವ: ಈ ಗೊಂದಲಕ್ಕೆ ಕಾರಣವಿದೆ. ಕಾರ್ಕಳ ಪೇಟೆಯ ಅಂಗಡಿಯವರಿಗೆ ಜಿಎಸ್‌ಟಿ ರಿಟರ್ನ್ ಹಾಕುವವರೂ ಆಡಿಟರ್, ಇನ್‌ಕಮ್ ಟ್ಯಾಕ್ಸ್ ನೋಟಿಸಿಗೆ ಉತ್ತರ ಬರೆದುಕೊಡುವವರೂ ಆಡಿಟರ್, ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುವವರೂ ಆಡಿಟರ್. ಕಂಪನಿಯ ಶಾಸನಬದ್ಧ ಆಡಿಟ್ ಬೇರೆಯೇ ಕೆಲಸ. ಲೆಕ್ಕ ಸಿದ್ಧಪಡಿಸುವುದು, ಅದು ಸರಿಯಿದೆ ಎಂದು ಹೊಣೆ ಹೊರುವುದು ನಿರ್ದೇಶಕ ಮಂಡಳಿ. 2013ರ ಕಂಪನಿ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಅವರು ಹಾಗೆಂದು ಬರೆದು ಸಹಿ ಹಾಕಲೇಬೇಕು. ಆ ಲೆಕ್ಕವನ್ನು ಹೊರಗಿನಿಂದ ಬಂದು ಪರೀಕ್ಷಿಸಿ ಅಭಿಪ್ರಾಯ ಹೇಳುವುದಷ್ಟೇ ಆಡಿಟರ್ ಪಾಲು. ಅದೇ ಕಂಪನಿಯ ಲೆಕ್ಕ ಬರೆದುಕೊಡುವುದು, ಒಳ ಆಡಿಟ್ ಮಾಡುವುದು, ಹೂಡಿಕೆ ಸಲಹೆ ಕೊಡುವುದನ್ನು 144ನೇ ಸೆಕ್ಷನ್ ಅವರಿಗೆ ನಿಷೇಧಿಸಿದೆ. ತಾನೇ ಬರೆದ ಲೆಕ್ಕವನ್ನು ತಾನೇ ಪರೀಕ್ಷಿಸುವುದು ಪರೀಕ್ಷೆಯಲ್ಲ.

ತಪ್ಪು ಕಲ್ಪನೆ: ಆಡಿಟರ್ ಸಹಿ ಬಿತ್ತೆಂದರೆ ಲೆಕ್ಕ ನೂರಕ್ಕೆ ನೂರು ಸರಿ.

ವಾಸ್ತವ: ನೂರಕ್ಕೆ ನೂರು ಎಂದು ಯಾವ ಆಡಿಟರೂ ಬರೆದುಕೊಡುವುದಿಲ್ಲ. ಲೆಕ್ಕವು ಮುಖ್ಯ ವಿಷಯಗಳಲ್ಲಿ ‘ನಿಜ ಹಾಗೂ ನ್ಯಾಯಯುತ’ ಚಿತ್ರ ಕೊಡುತ್ತದೆ ಎಂಬುದಕ್ಕೆ ಸಮಂಜಸ ಭರವಸೆ ಕೊಡುತ್ತಾರೆ. ಲಕ್ಷಗಟ್ಟಲೆ ವೋಚರುಗಳಲ್ಲಿ ಆಯ್ದವನ್ನು ನೋಡುತ್ತಾರೆ. ಯಾವುದನ್ನು ಆಯಬೇಕು, ಎಲ್ಲಿ ಆಳಕ್ಕೆ ಇಳಿಯಬೇಕು ಎಂಬುದರಲ್ಲೇ ಅವರ ಕಸುಬುದಾರಿಕೆ ಇರುವುದು.

ನಮ್ಮ ಕಡೆಯ ಗೇರುಬೀಜ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. ಮಾರ್ಚ್ 31ರಂದು ದಾಸ್ತಾನು ಎಷ್ಟಿದೆ ಎಂಬುದರ ಮೇಲೆ ಆ ವರ್ಷದ ಲಾಭ ನಿಂತಿರುತ್ತದೆ. ದಾಸ್ತಾನು ಹೆಚ್ಚು ತೋರಿಸಿದಷ್ಟೂ ಲಾಭ ಹೆಚ್ಚು ಕಾಣುತ್ತದೆ, ಬ್ಯಾಂಕಿನಲ್ಲಿ ಸಾಲದ ಮಿತಿಯೂ ಹೆಚ್ಚುತ್ತದೆ. ಹಾಗಾಗಿ ಆಡಿಟರ್ ಕಡೆಯವರು ಗೋದಾಮಿಗೆ ಹೋಗಿ ಎಣಿಕೆಯ ಹೊತ್ತಿಗೆ ಹಾಜರಿರಬೇಕು. ಸಾಲಾಗಿ ಪೇರಿಸಿದ ಗೋಣಿಚೀಲಗಳ ಮುಂದಿನ ಸಾಲನ್ನಷ್ಟೇ ಎಣಿಸಿ ಗುಣಿಸಿದರೆ ಸಾಲದು, ಮಧ್ಯದಲ್ಲಿ ಟೊಳ್ಳಿದೆಯೇ ಎಂದೂ ನೋಡಬೇಕು. ಕೆಲವು ಚೀಲ ಬಿಚ್ಚಿಸಿ ಒಳಗಿರುವುದು ಬೀಜವೋ ಸಿಪ್ಪೆಯೋ ಎಂದು ಕಣ್ಣಾರೆ ಕಾಣಬೇಕು. ತಿರುಳಿನ ಡಬ್ಬಗಳಲ್ಲಿ ಡಬ್ಲ್ಯು-180, ಡಬ್ಲ್ಯು-240, ಡಬ್ಲ್ಯು-320 ಎಂಬ ದರ್ಜೆಗಳಿವೆ. ಒಂದರ ಬೆಲೆ ಇನ್ನೊಂದಕ್ಕಿಲ್ಲ. ಲೇಬಲ್ ಒಂದು, ಒಳಗಿರುವುದು ಇನ್ನೊಂದು ಆದರೆ ಎಣಿಕೆ ಸರಿಯಿದ್ದೂ ಲೆಕ್ಕ ತಪ್ಪು.

ಅಷ್ಟಕ್ಕೇ ನಿಲ್ಲದೆ ಇನ್ನೊಂದು ದಾರಿಯಿಂದಲೂ ಬರುತ್ತಾರೆ. ಹಸಿ ಬೀಜದ ತೂಕದ ಸುಮಾರು ಕಾಲು ಭಾಗ ತಿರುಳು ಬರುತ್ತದೆ. ವರ್ಷವಿಡೀ ಖರೀದಿಸಿದ ಬೀಜ, ಸುಲಿದವರಿಗೆ ಕೊಟ್ಟ ಕೂಲಿ, ಕರೆಂಟ್ ಬಿಲ್ಲು, ಮಾರಿದ ತಿರುಳು ಇವೆಲ್ಲ ಒಂದಕ್ಕೊಂದು ತಾಳೆಯಾಗಬೇಕು. ಕೂಲಿ ಇಳಿದಿದೆ, ಕರೆಂಟ್ ಇಳಿದಿದೆ, ಉತ್ಪಾದನೆ ಮಾತ್ರ ಏರಿದೆ ಎಂದರೆ ಅಲ್ಲಿ ಕೇಳಬೇಕಾದ ಪ್ರಶ್ನೆ ಇದೆ. ಇಷ್ಟು ಮಾಡಿಯೂ ಒಂದು ಸಣ್ಣ ತಪ್ಪು ಉಳಿದರೆ ಅದು ಆಡಿಟರ್ ಸೋಲಲ್ಲ. ಇಷ್ಟನ್ನೂ ಮಾಡದೆ ಮ್ಯಾನೇಜರ್ ಕೊಟ್ಟ ದಾಸ್ತಾನು ಪಟ್ಟಿಯನ್ನು ಹಾಗೇ ಒಪ್ಪಿಕೊಂಡಿದ್ದರೆ ಅದು ಸೋಲು.

ತಪ್ಪು ಕಲ್ಪನೆ: ಮೋಸ ಹಿಡಿಯುವುದು ಆಡಿಟರ್ ಕೆಲಸವಲ್ಲ. ಮೇಲಿನವರೇ ಮುಚ್ಚಿಟ್ಟರೆ ಅವರೇನು ಮಾಡಲು ಸಾಧ್ಯ?

ವಾಸ್ತವ: ಇದನ್ನು ಸಾಮಾನ್ಯರಿಗಿಂತ ಹೆಚ್ಚಾಗಿ ಕಸುಬಿನವರೇ ಹೇಳುತ್ತಾರೆ, ಅದಕ್ಕೊಂದು ಹಳೆಯ ಆಧಾರವನ್ನೂ ಕೊಡುತ್ತಾರೆ. 1896ರಲ್ಲಿ ಇಂಗ್ಲೆಂಡಿನ ಕಿಂಗ್‌ಸ್ಟನ್ ಹತ್ತಿ ಗಿರಣಿ ಪ್ರಕರಣದಲ್ಲಿ ನ್ಯಾಯಮೂರ್ತಿ ಲೋಪ್ಸ್, ಆಡಿಟರ್ ಕಾವಲು ನಾಯಿಯೇ ಹೊರತು ಬೇಟೆ ನಾಯಿಯಲ್ಲ ಎಂದರು. ಅಲ್ಲೂ ಮ್ಯಾನೇಜರ್ ವರ್ಷಗಟ್ಟಲೆ ದಾಸ್ತಾನು ಹೆಚ್ಚಿಸಿ ಬರೆದಿದ್ದ, ಆಡಿಟರು ಅವನ ಮಾತು ನಂಬಿದ್ದರು, ನ್ಯಾಯಾಲಯ ಅವರನ್ನು ಬಿಟ್ಟಿತು. ಆದರೆ ಕಾನೂನು 1896ರಲ್ಲೇ ನಿಂತಿಲ್ಲ. 1938ರಲ್ಲಿ ಅಮೆರಿಕದ ಮ್ಯಾಕೆಸನ್ ಆಂಡ್ ರಾಬಿನ್ಸ್ ಎಂಬ ಔಷಧ ಕಂಪನಿಯ ಲೆಕ್ಕದಲ್ಲಿದ್ದ ಮಾಲು ಗೋದಾಮಿನಲ್ಲೇ ಇರಲಿಲ್ಲ ಎಂಬುದು ಬಯಲಾದ ಮೇಲೆ, ಆಡಿಟರ್ ಗೋದಾಮಿಗೆ ಹೋಗಲೇಬೇಕು ಎಂಬುದು ನಿಯಮವಾಯಿತು.

ನಮ್ಮ ದೇಶಕ್ಕೆ ಆ ಪೆಟ್ಟು ಬಿದ್ದದ್ದು 2009ರ ಜನವರಿ 7ರಂದು. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷರು, ಬ್ಯಾಂಕಿನಲ್ಲಿದೆ ಎಂದು ಲೆಕ್ಕದಲ್ಲಿ ತೋರಿಸಿದ್ದ ಸುಮಾರು 5,040 ಕೋಟಿ ರೂಪಾಯಿ ಇರಲೇ ಇಲ್ಲ ಎಂದು ಪತ್ರ ಬರೆದು ಒಪ್ಪಿಕೊಂಡರು. ಬ್ಯಾಂಕಿನಲ್ಲಿರುವ ದುಡ್ಡನ್ನು ಖಚಿತಪಡಿಸಿಕೊಳ್ಳುವುದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಆಡಿಟರ್ ತಾನೇ ನೇರವಾಗಿ ಬ್ಯಾಂಕಿಗೆ ಬರೆದು, ಉತ್ತರವನ್ನು ನೇರವಾಗಿ ತನ್ನ ಕಚೇರಿಗೆ ತರಿಸಿಕೊಳ್ಳಬೇಕು, ಕಂಪನಿಯವರ ಕೈಯಿಂದ ಪಡೆಯಬಾರದು. ಏಪ್ರಿಲ್ ಮೊದಲ ವಾರ ಬ್ಯಾಂಕ್ ಶಾಖೆಗಳ ಆಡಿಟಿಗೆ ಹೋಗುವ ಆರ್ಟಿಕಲ್‌ಶಿಪ್ ಹುಡುಗ ಹುಡುಗಿಯರಿಗೂ ಗೊತ್ತಿರುವ ಪಾಠ ಇದು. ಅಷ್ಟು ದೊಡ್ಡ ಕಡೆ ಅದು ತಪ್ಪಿತು ಎಂಬುದು ಕಸುಬಿನ ಮಾನಕ್ಕೇ ಬಿದ್ದ ಏಟು.

ಸತ್ಯಂ ನಂತರ ಬಂದ 2013ರ ಕಂಪನಿ ಕಾಯ್ದೆ ಮಾತನ್ನು ಸ್ಪಷ್ಟ ಮಾಡಿತು. 143(12)ನೇ ಸೆಕ್ಷನ್ ಪ್ರಕಾರ, ಕಂಪನಿಯ ಅಧಿಕಾರಿಗಳೋ ನೌಕರರೋ ಮೋಸ ಮಾಡಿದ್ದಾರೆಂದು ನಂಬಲು ಕಾರಣ ಸಿಕ್ಕರೆ ಆಡಿಟರ್ ಸುಮ್ಮನಿರುವಂತಿಲ್ಲ. ಮೊತ್ತ ಒಂದು ಕೋಟಿ ರೂಪಾಯಿ ಅಥವಾ ಹೆಚ್ಚಾದರೆ ಎರಡು ದಿನದೊಳಗೆ ಮಂಡಳಿಗೋ ಆಡಿಟ್ ಸಮಿತಿಗೋ ತಿಳಿಸಬೇಕು, 45 ದಿನದೊಳಗೆ ಅವರ ಉತ್ತರ ಕೇಳಬೇಕು, ಆಮೇಲೆ 15 ದಿನದೊಳಗೆ ಕೇಂದ್ರ ಸರ್ಕಾರಕ್ಕೆ ವರದಿ ಮಾಡಬೇಕು. ಹಾಗೆ ತಿಳಿಸುವುದು ಗ್ರಾಹಕನ ಗುಟ್ಟು ಬಿಟ್ಟುಕೊಟ್ಟಂತೆ ಆಗುವುದಿಲ್ಲ ಎಂದೂ ಕಾಯ್ದೆ ಹೇಳಿದೆ.

ನಮಗೆ ಇನ್ನೂ ಹತ್ತಿರದ, ನೋವಿನ ಪ್ರಕರಣ ಕಾಫಿ ಡೇಯದು. 2019ರ ಜುಲೈಯಲ್ಲಿ ನೇತ್ರಾವತಿ ಸೇತುವೆಯ ಬಳಿ ನಡೆದದ್ದನ್ನು ಕರಾವಳಿ, ಮಲೆನಾಡಿನ ಜನ ಮರೆತಿಲ್ಲ. ಅಲ್ಲಿ ಸಾವಿಗೀಡಾದ ಕಾಫಿ ಡೇ ಸ್ಥಾಪಕ ವಿ.ಜಿ. ಸಿದ್ಧಾರ್ಥ ಅವರ ಹೆಸರಿನಲ್ಲಿ ಬೆಳಕಿಗೆ ಬಂದ ಪತ್ರದಲ್ಲಿ, ತಮ್ಮ ವ್ಯವಹಾರಗಳು ಆಡಿಟರುಗಳಿಗಾಗಲಿ ಹಿರಿಯ ಅಧಿಕಾರಿಗಳಿಗಾಗಲಿ ಗೊತ್ತಿರಲಿಲ್ಲ, ಹೊಣೆ ತಮ್ಮದೊಬ್ಬರದೇ ಎಂಬ ಅರ್ಥದ ಮಾತಿತ್ತು. ಸಾವಿನ ಮುಂದೆ ನಿಂತ ಮನುಷ್ಯ ಹೊರೆಯನ್ನೆಲ್ಲ ತನ್ನ ಹೆಗಲಿಗೆ ಹಾಕಿಕೊಂಡದ್ದನ್ನು ಗೌರವದಿಂದಲೇ ಓದಬೇಕು. ಆದರೆ ಕಾನೂನಿನ ಪ್ರಕಾರ ಆಡಿಟರ್ ಹೊಣೆಯನ್ನು ಇನ್ನೊಬ್ಬರು ಹೊತ್ತುಕೊಳ್ಳಲು ಬರುವುದಿಲ್ಲ. ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಪ್ರವರ್ತಕರಿಗೆ ಸೇರಿದ ಮೈಸೂರ್ ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್ ಕಂಪನಿಗೆ ಹೋಗಿತ್ತು ಎಂದು 2023ರ ಜನವರಿಯಲ್ಲಿ ಶೇರುಪೇಟೆಯ ನಿಯಂತ್ರಕ ಸೆಬಿ ಹೇಳಿತು, ಕಾಫಿ ಡೇ ಎಂಟರ್‌ಪ್ರೈಸಸ್‌ಗೆ 26 ಕೋಟಿ ದಂಡ ವಿಧಿಸಿತು. ಅದೇ ವರ್ಷ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ, ಅಂದರೆ ಎನ್‌ಎಫ್‌ಆರ್‌ಎ, ಈ ಸಮೂಹದ ಕಂಪನಿಗಳ ಆಡಿಟ್ ಮಾಡಿದವರ ಮೇಲೆ ದಂಡ ಮತ್ತು ನಿಷೇಧದ ಆದೇಶ ಹೊರಡಿಸಿತು. ಆಪ್ತ ಕಂಪನಿಗೆ ಹೋದ ದುಡ್ಡನ್ನು ಸಂಶಯದ ಕಣ್ಣಿನಿಂದ ನೋಡಬೇಕಾದವರು ಹಾಗೆ ನೋಡಲಿಲ್ಲ ಎಂಬುದು ಅದರ ಮುಖ್ಯ ಆಕ್ಷೇಪ. ಗೊತ್ತಿರಲಿಲ್ಲ ಎಂಬುದು ಉತ್ತರವಾಗಲು, ಗೊತ್ತು ಮಾಡಿಕೊಳ್ಳಲು ಏನೇನು ಮಾಡಿದೆ ಎಂಬುದನ್ನು ಆಡಿಟರ್ ತನ್ನ ಫೈಲಿನಲ್ಲಿ ತೋರಿಸಬೇಕು.

ತಪ್ಪು ಕಲ್ಪನೆ: ಫೀಸು ಕೊಡುವುದು ಕಂಪನಿ, ಹಾಗಾಗಿ ಆಡಿಟರ್ ಕಂಪನಿಯ ಮನುಷ್ಯ.

ವಾಸ್ತವ: ಈ ಸಂಶಯ ಪೂರ್ತಿ ಸುಳ್ಳಲ್ಲ, ಫೀಸಿನ ಮರ್ಜಿ ಎಂಬುದು ಇದ್ದೇ ಇದೆ, ಲೋಕದ ಯಾವ ದೇಶವೂ ಅದಕ್ಕೆ ಪೂರ್ಣ ಪರಿಹಾರ ಕಂಡುಕೊಂಡಿಲ್ಲ. ಆದರೆ ನೇಮಕ ಮಾಡುವುದು ಮಹಾಸಭೆಯಲ್ಲಿ ಶೇರುದಾರರು. ಲಿಸ್ಟೆಡ್ ಕಂಪನಿಗಳಲ್ಲಿ ಒಬ್ಬ ವ್ಯಕ್ತಿ ಐದು ವರ್ಷ, ಒಂದು ಫರ್ಮ್ ಹತ್ತು ವರ್ಷಕ್ಕಿಂತ ಹೆಚ್ಚು ಒಂದೇ ಕಡೆ ಕೂರುವಂತಿಲ್ಲ. ಅವಧಿಯ ನಡುವೆ ಕಿತ್ತುಹಾಕಲು ಕೇಂದ್ರ ಸರ್ಕಾರದ ಒಪ್ಪಿಗೆಯೂ ಶೇರುದಾರರ ವಿಶೇಷ ನಿರ್ಣಯವೂ ಬೇಕು. ಬ್ಯಾಂಕುಗಳಲ್ಲಿ ಆಡಿಟರ್ ನೇಮಕಕ್ಕೆ ರಿಸರ್ವ್ ಬ್ಯಾಂಕಿನ ಪೂರ್ವಾನುಮತಿ ಬೇಕು, ಅವಧಿ ಮೂರೇ ವರ್ಷ.

ಮಂಗಳೂರಿನ ಕರ್ಣಾಟಕ ಬ್ಯಾಂಕಿನ ಉದಾಹರಣೆ ನೋಡಿ. ಪ್ರವರ್ತಕರೆಂಬವರಿಲ್ಲದ, ಸಣ್ಣ ಶೇರುದಾರರೇ ತುಂಬಿರುವ ಬ್ಯಾಂಕು ಅದು; ಉಡುಪಿ ಜಿಲ್ಲೆಯಲ್ಲೂ ಅವರು ಬಹಳ. 2024-25ರಲ್ಲಿ ಅದರ ನಿವ್ವಳ ಲಾಭ 1,272 ಕೋಟಿ ರೂಪಾಯಿ. ಆ ವರ್ಷದ ಲೆಕ್ಕದಲ್ಲಿ ಆಡಿಟರುಗಳು ಎತ್ತಿ ತೋರಿಸಿದ್ದು 1.53 ಕೋಟಿಯ ಒಂದು ವೆಚ್ಚವನ್ನು. ಪೂರ್ಣಾವಧಿ ನಿರ್ದೇಶಕರು ತಮಗೆ ವಹಿಸಿದ ಅಧಿಕಾರ ಮೀರಿ ಮಾಡಿದ, ಮಂಡಳಿ ಅನುಮೋದಿಸದ ಖರ್ಚು ಅದು ಎಂಬ ಕಾರಣಕ್ಕೆ. ಸಾವಿರಕ್ಕೂ ಹೆಚ್ಚು ಕೋಟಿ ಲಾಭದೆದುರು ಒಂದೂವರೆ ಕೋಟಿ ಏನೂ ಅಲ್ಲ. ಆದರೆ ಯಾರು, ಯಾರ ಅಪ್ಪಣೆಯಿಂದ ಖರ್ಚು ಮಾಡಿದರು ಎಂಬ ಪ್ರಶ್ನೆಯಲ್ಲಿ ಮೊತ್ತ ಮುಖ್ಯವಲ್ಲ. ಬ್ಯಾಂಕಿನ ಅತಿ ಮೇಲಿನ ಕುರ್ಚಿಗಳಿಗೆ ಸಂಬಂಧಪಟ್ಟ ಮಾತು ಸಾಮಾನ್ಯ ಶೇರುದಾರರ ಕಣ್ಣಿಗೆ ಬಿದ್ದದ್ದು ಆಡಿಟ್ ಎಂಬ ದಾರಿ ಇದ್ದುದರಿಂದ. ಆಡಿಟರ್ ಯಾರ ಮನುಷ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ತಪ್ಪು ಕಲ್ಪನೆ: ಆಡಿಟ್ ವರದಿಗಳೆಲ್ಲ ಒಂದೇ ಅಚ್ಚು, ಓದಿ ಪ್ರಯೋಜನವಿಲ್ಲ.

ವಾಸ್ತವ: ಭಾಷೆ ಒಣಕಲು ನಿಜ. ಆದರೆ ನೋಡಬೇಕಾದ ಜಾಗ ಗೊತ್ತಿದ್ದರೆ ಹತ್ತು ನಿಮಿಷ ಸಾಕು. ‘ಅಭಿಪ್ರಾಯ’ ಎಂಬ ತಲೆಬರಹದ ಕೆಳಗೆ ನಾಲ್ಕರಲ್ಲಿ ಒಂದು ಇರುತ್ತದೆ: ಲೆಕ್ಕ ಸರಿ, ಇಂಥ ವಿಷಯ ಬಿಟ್ಟು ಉಳಿದದ್ದು ಸರಿ, ಲೆಕ್ಕ ಸರಿಯಿಲ್ಲ, ಅಭಿಪ್ರಾಯ ಹೇಳಲು ಬೇಕಾದ ಆಧಾರವೇ ಸಿಗಲಿಲ್ಲ. ಎರಡನೆಯದು ಕಂಡರೆ ‘ಬಿಟ್ಟು’ ಎಂದದ್ದು ಏನನ್ನು ಎಂದು ಓದಿ. ಆಮೇಲೆ ‘ವಿಷಯಕ್ಕೆ ಒತ್ತು’ ಎಂಬ ಭಾಗ, ಕಂಪನಿ ಮುಂದೆ ನಡೆದೀತೇ ಎಂಬ ಬಗ್ಗೆ ಏನಾದರೂ ಮಾತಿದೆಯೇ ಎಂಬುದು. ಕೊನೆಗೆ ‘ಕಾರೋ’ ಎಂದು ಕರೆಯುವ 2020ರ ಆದೇಶದಂತೆ ಕೊಡುವ ಅನುಬಂಧ: ಭವಿಷ್ಯ ನಿಧಿ, ತೆರಿಗೆ ಸಕಾಲಕ್ಕೆ ಕಟ್ಟಿದ್ದಾರೆಯೇ, ಬ್ಯಾಂಕ್ ಸಾಲ ತಪ್ಪಿದೆಯೇ, ಬ್ಯಾಂಕಿಗೆ ಕೊಟ್ಟ ದಾಸ್ತಾನು ವಿವರ ಪುಸ್ತಕಕ್ಕೆ ಹೊಂದುತ್ತದೆಯೇ, ಹಿಂದಿನ ಆಡಿಟರ್ ರಾಜೀನಾಮೆ ಕೊಟ್ಟಿದ್ದಾರೆಯೇ ಎಂಬುದೆಲ್ಲ ಅಲ್ಲಿದೆ. ಅವಧಿಗೆ ಮುಂಚೆ ಆಡಿಟರ್ ಬಿಟ್ಟುಹೋದ ಕಂಪನಿಯ ಶೇರನ್ನು ನಾನಾದರೆ ಕಾರಣ ತಿಳಿಯುವವರೆಗೆ ಕೊಳ್ಳುವುದಿಲ್ಲ.

ಕಂಪನಿಯ ವ್ಯವಹಾರಕ್ಕೆ ಧಕ್ಕೆ ತರುವ ಆಕ್ಷೇಪಗಳನ್ನು ಮಹಾಸಭೆಯಲ್ಲಿ ಓದಿ ಹೇಳಬೇಕು ಎಂದು ಕಾಯ್ದೆಯಲ್ಲಿದೆ. ಪ್ರತಿ ಆಕ್ಷೇಪಕ್ಕೂ ನಿರ್ದೇಶಕರು ತಮ್ಮ ವರದಿಯಲ್ಲಿ ಸಮಜಾಯಿಷಿ ಕೊಡಬೇಕು. ಆಡಿಟರ್ ಕೂಡ ಸಭೆಗೆ ಬರಬೇಕು. ಈಗ ಸಭೆಗಳು ವಿಡಿಯೊದಲ್ಲೂ ನಡೆಯುವುದರಿಂದ ಕಾಪುವಿನ ಮನೆಯಲ್ಲಿ ಕೂತೇ ಪ್ರಶ್ನೆ ಕೇಳಬಹುದು.

ತಪ್ಪು ಕಲ್ಪನೆ: ಈಗ ಎಲ್ಲ ಕಂಪ್ಯೂಟರ್, ತಿದ್ದಲು ಆಗುವುದಿಲ್ಲ.

ವಾಸ್ತವ: ತಿದ್ದಲು ಪುಸ್ತಕಕ್ಕಿಂತ ಅದೇ ಸುಲಭವಾಗಿತ್ತು. ಅದಕ್ಕೇ 2023ರ ಏಪ್ರಿಲ್ 1ರಿಂದ, ಯಾರು ಯಾವಾಗ ಯಾವ ನಮೂದನ್ನು ಬದಲಿಸಿದರು ಎಂಬ ಜಾಡು ಉಳಿಸುವ, ಆ ಜಾಡನ್ನು ಆಫ್ ಮಾಡಲಾಗದ ಸಾಫ್ಟ್‌ವೇರನ್ನೇ ಕಂಪನಿಗಳು ಬಳಸಬೇಕು. ವರ್ಷವಿಡೀ ಅದು ಚಾಲ್ತಿಯಲ್ಲಿತ್ತೇ ಎಂದು ಆಡಿಟರ್ ವರದಿಯಲ್ಲಿ ಹೇಳಬೇಕು.

ತಪ್ಪು ಕಲ್ಪನೆ: ಆಡಿಟರ್ ರೂಪಾಯಿ ಲೆಕ್ಕದವರು. ಹೊಗೆ, ಬೂದಿ, ಬಾವಿ ನೀರಿನ ವಿಷಯ ಅವರಿಗೆ ಸಂಬಂಧವಿಲ್ಲ.

ವಾಸ್ತವ: ಕಾಪು ತಾಲೂಕಿನ ಎಲ್ಲೂರಿನ 1,200 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಸುತ್ತಲಿನವರು ಈ ಮಾತು ಕೇಳಬೇಕು. ನಂದಿಕೂರಿನ ಜನಜಾಗೃತಿ ಸಮಿತಿ ವರ್ಷಾನುಗಟ್ಟಲೆ ಹೋರಾಡಿದ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರಲ್ಲಿ ಕಂಪನಿಗೆ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು. ಮಲ್ಲಿಗೆ ಗಿಡದ ಎಲೆಯ ಮೇಲೆ ಬಿದ್ದ ಬೂದಿಯನ್ನು ಆಡಿಟರ್ ಅಳೆಯುವುದಿಲ್ಲ, ಅದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿ ಇದೆ. ಆದರೆ ಇಂಥ ಆದೇಶ ಬಂದ ದಿನದಿಂದ ಅದು ಲೆಕ್ಕದ ವಿಷಯವೂ ಹೌದು. ಯಾವುದೇ ಕಂಪನಿ ಕಟ್ಟಬೇಕಾಗಿ ಬರಬಹುದಾದ ಮೊತ್ತಕ್ಕೆ ದುಡ್ಡು ತೆಗೆದಿಟ್ಟಿದೆಯೇ, ಮೇಲ್ಮನವಿಯಲ್ಲಿದ್ದರೆ ಟಿಪ್ಪಣಿಯಲ್ಲಿ ಹೇಳಿದೆಯೇ, ಗೆಲ್ಲುತ್ತೇವೆ ಎಂಬ ಮಾತಿಗೆ ವಕೀಲರ ಅಭಿಪ್ರಾಯದ ಆಧಾರವಿದೆಯೇ ಎಂದು ನೋಡುವುದು ಆಡಿಟರ್ ಕರ್ತವ್ಯ. ಕೋರ್ಟಿನಲ್ಲಿ ದಾವೆ ಹೂಡಿದ ಊರಿನವರು ಎದುರಾಳಿ ಕಂಪನಿಯ ಲೆಕ್ಕದ ಟಿಪ್ಪಣಿ ಓದುವುದನ್ನು ರೂಢಿ ಮಾಡಿಕೊಂಡರೆ ಒಳ್ಳೆಯದು. ಹೊರಗೆ ಹೇಳುವುದಕ್ಕೂ ಅಲ್ಲಿ ಬರೆದಿರುವುದಕ್ಕೂ ವ್ಯತ್ಯಾಸ ಇದ್ದರೆ ಸಿಕ್ಕೀತು.

ತಪ್ಪು ಕಲ್ಪನೆ: ಕಂಪನಿ ಮುಳುಗಿದರೂ ಆಡಿಟರಿಗೆ ಏನೂ ಆಗುವುದಿಲ್ಲ.

ವಾಸ್ತವ: ಬಹುಕಾಲ ಹೆಚ್ಚುಕಡಿಮೆ ಹಾಗೇ ಇತ್ತು. ಸತ್ಯಂ ಆಡಿಟ್ ಮಾಡಿದ ಪ್ರೈಸ್ ವಾಟರ್‌ಹೌಸ್ ಮೇಲೆ ಸೆಬಿ ಎರಡು ವರ್ಷದ ನಿಷೇಧ ಹಾಕಿದ್ದು ಒಂಬತ್ತು ವರ್ಷ ಕಳೆದು, 2018ರಲ್ಲಿ. ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ಆ ನಿಷೇಧವನ್ನು ತೆಗೆದುಹಾಕಿತು. 2018ರ ಅಕ್ಟೋಬರ್ 1ರಂದು ಬಂದ ಎನ್‌ಎಫ್‌ಆರ್‌ಎ ಈ ಕೊರತೆ ತುಂಬಲೆಂದೇ ಹುಟ್ಟಿದ್ದು. ವ್ಯಕ್ತಿಗೆ ಕನಿಷ್ಠ ಒಂದು ಲಕ್ಷದಿಂದ ಫೀಸಿನ ಐದು ಪಟ್ಟು, ಫರ್ಮಿಗೆ ಕನಿಷ್ಠ ಐದು ಲಕ್ಷದಿಂದ ಫೀಸಿನ ಹತ್ತು ಪಟ್ಟು ದಂಡ, ಆರು ತಿಂಗಳಿಂದ ಹತ್ತು ವರ್ಷದವರೆಗೆ ನಿಷೇಧ ಅದರ ಕೈಯಲ್ಲಿದೆ. ಆದರೆ ಅದು ನೋಡುವುದು ಲಿಸ್ಟೆಡ್ ಮತ್ತು ದೊಡ್ಡ ಕಂಪನಿಗಳನ್ನು. ಊರಿನ ಸಣ್ಣ ಖಾಸಗಿ ಕಂಪನಿಯ ಆಡಿಟರ್ ಮೇಲಿನ ದೂರು ಲೆಕ್ಕಪರಿಶೋಧಕರ ಸಂಸ್ಥೆಯಾದ ಐಸಿಎಐಗೇ ಹೋಗಬೇಕು, ಅಲ್ಲಿನ ವಿಚಾರಣೆಗೆ ತಾಳ್ಮೆ ಬೇಕು.

ಸಹಿಯೇ ನಕಲಿ ಎಂಬ ಅನುಮಾನವಿದ್ದರೆ ಮಾತ್ರ ತಾಳ್ಮೆ ಬೇಡ. 2019ರಿಂದ ಲೆಕ್ಕಪರಿಶೋಧಕರ ಪ್ರತಿ ವರದಿ, ಪ್ರಮಾಣಪತ್ರದ ಮೇಲೆ ಯುಡಿಐಎನ್ ಎಂಬ 18 ಅಂಕಿ-ಅಕ್ಷರಗಳ ಸಂಖ್ಯೆ ಇರುತ್ತದೆ. ಐಸಿಎಐ ಜಾಲತಾಣದಲ್ಲಿ ಅದನ್ನು ಹಾಕಿ ಯಾರು ಬೇಕಾದರೂ ತಾಳೆ ನೋಡಬಹುದು.

ತಪ್ಪು ಕಲ್ಪನೆ: ನಮ್ಮ ಸೊಸೈಟಿಗೆ ಆಡಿಟ್‌ನಲ್ಲಿ ‘ಎ’ ವರ್ಗ ಇದೆ, ಠೇವಣಿಗೆ ಭಯವಿಲ್ಲ.

ವಾಸ್ತವ: ಕಂಪನಿಗಿಂತ ಹೆಚ್ಚು ಜನರ ದುಡ್ಡು ಮುಟ್ಟುವ ವಿಷಯ ಇದು. ಸಹಕಾರ ಚಳವಳಿಯ ಮೊಳಹಳ್ಳಿ ಶಿವರಾಯರ ಕಾಲದಿಂದ ಈ ಕರಾವಳಿ ಸಹಕಾರಿಗಳ ನಾಡು. ‘ಎ’ ವರ್ಗ ಒಳ್ಳೆಯ ಸೂಚನೆಯೇ. ಅದು ಕಳೆದ ವರ್ಷದ ಲೆಕ್ಕದ ಮೇಲೆ ಕೊಟ್ಟ ದರ್ಜೆ, ಮುಂದಿನ ವರ್ಷಕ್ಕೆ ಕೊಟ್ಟ ಗ್ಯಾರಂಟಿಯಲ್ಲ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೂ ವರ್ಷ ವರ್ಷ ಆಡಿಟ್ ಆಗುತ್ತಿತ್ತು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಅಲ್ಲಿ 35,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ತಡೆ ಹಾಕಿದಾಗ, ಪಿಂಚಣಿ ದುಡ್ಡಿಟ್ಟ ಹಿರಿಯರು ಕೌಂಟರ್ ಮುಂದೆ ನಿಲ್ಲಬೇಕಾಯಿತು. ಅದಾದರೂ ಬ್ಯಾಂಕು, ಠೇವಣಿಗೆ ಒಂದು ಮಿತಿಯವರೆಗೆ ವಿಮೆ ಇತ್ತು. ಊರಿನ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಹಾಗಾಗಿ ಅಲ್ಲಿನ ಆಡಿಟರ್ ಮೇಲೆ ಬೀಳುವ ಭಾರ ದೊಡ್ಡ ಬ್ಯಾಂಕಿನ ಆಡಿಟರಿಗಿಂತ ಕಡಿಮೆಯಲ್ಲ.

ಸರ್ಕಾರ ಒಪ್ಪಿದ ಪಟ್ಟಿಯಿಂದ ಆ ಆಡಿಟರನ್ನು ಆರಿಸುವುದು ಸಂಘದ ಮಹಾಸಭೆ. ಸೆಪ್ಟೆಂಬರಿನಲ್ಲಿ ಹಾಲ್ ತುಂಬ ಸದಸ್ಯರು ಸೇರಿದಾಗ ಕಾರ್ಯಸೂಚಿಯಲ್ಲಿ ಆ ವಿಷಯ ಬಂದರೆ ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಚಪ್ಪಾಳೆ, ಮುಂದಿನ ವಿಷಯ. ಅಲ್ಲಿ ಎದ್ದು ನಿಂತು ಕೇಳಬಹುದಾದ್ದು ಇಷ್ಟು: ಈ ಆಡಿಟರ್ ಎಷ್ಟು ವರ್ಷದಿಂದ ಇದ್ದಾರೆ? ಕಳೆದ ವರದಿಯ ನ್ಯೂನತೆಗಳಲ್ಲಿ ಯಾವುದನ್ನು ಸರಿಪಡಿಸಿದ್ದೀರಿ, ಯಾವುದು ಬಾಕಿ? ನಿರ್ದೇಶಕರಿಗೆ, ಅವರ ಸಂಬಂಧಿಕರಿಗೆ ಕೊಟ್ಟ ಸಾಲ ಎಷ್ಟು, ಅದರಲ್ಲಿ ಸುಸ್ತಿ ಎಷ್ಟು? ಬಂಗಾರದ ಸಾಲದ ಪೊಟ್ಟಣಗಳನ್ನು ಆಡಿಟರ್ ಬಿಚ್ಚಿ ನೋಡಿದರೇ, ಪಟ್ಟಿ ನೋಡಿ ಟಿಕ್ ಹಾಕಿದರೇ? ಉತ್ತರ ಅಧ್ಯಕ್ಷರ ಬಾಯಿಂದ ಬಂದರೆ ಸಾಲದು. ಪೂರ್ತಿ ಆಡಿಟ್ ವರದಿಯ ಪ್ರತಿಯನ್ನೇ ಕೇಳಿ ಪಡೆಯಬೇಕು.